ಹೊಳೆ ನೀರಿನಲ್ಲಿ ಬೆಂದ ಬೇಳೆ

ಆ ಬಸ್ಸಿನಲ್ಲಿ ಎರಡು ಸ್ಟೋವ್ ಇದ್ದವು. ಒಂದರ ಮೇಲೆ ಡಾಕ್ಟರರ ಕತ್ತರಿ, ಚಿಮಟ ಕುದಿಯಬೇಕು. ಇನ್ನೊಂದರ ಮೇಲೆ ನಾಲ್ಕು ಮಂದಿಯ ಊಟ ಬೇಯಬೇಕು. ಎರಡನ್ನೂ ನೋಡಿಕೊಳ್ಳುವವಳು ನಾನು. ಆ ಎರಡು ಸ್ಟೋವಿನ ಮುಂದೆ ಕೂತು ನಾನು ಮಾಡಿದ ತಪ್ಪನ್ನು ಬರೆಯುತ್ತೇನೆ. ನನಗೆ ಎರಡನೇ ಇಯತ್ತೆಯ ಅಕ್ಷರ ಇವೆ, ಅಷ್ಟರಲ್ಲೇ ಬರೆಯಬೇಕು.

ಅದು ಒಂದು ಧರ್ಮದ ಆಸ್ಪತ್ರೆಯ ಕಣ್ಣಿನ ಬಸ್ಸು. ಹಳೆಯ ಪ್ಯಾಸೆಂಜರ್ ಬಸ್ಸನ್ನು ಕೊಂಡು ಸೀಟು ಕಿತ್ತು ಹಾಕಿದ್ದರು. ಹಿಂದಿನ ಅರ್ಧದಲ್ಲಿ ಹಲಗೆಯ ಮಂಚಗಳು, ನಡುವೆ ಒಂದು ಪರದೆ. ಪರದೆಯ ಈಚೆ ನಾನು ಮತ್ತು ಸಿಸ್ಟರು ಮಲಗುತ್ತಿದ್ದೆವು, ಆಚೆ ಡಾಕ್ಟರ್ ಸಾಹೇಬರು. ಡ್ರೈವರು ತನ್ನ ಸೀಟಿನ ಹಿಂದೆ ಮುದುಡಿಕೊಳ್ಳುತ್ತಿದ್ದ. ಮಡಚುವ ಟೇಬಲ್ಲು, ಔಷಧದ ಕಪಾಟು, ನೀರಿನ ದೊಡ್ಡ ಡ್ರಮ್ಮು, ಜೋಳದ ಹಿಟ್ಟಿನ ಡಬ್ಬಿ, ಎಲ್ಲ ಅದರಲ್ಲೇ. ಚಳಿಗಾಲ ಮುಗಿಯುವ ತನಕ ಅದೇ ನಮಗೆ ಮನೆ. ಊರಿಂದೂರಿಗೆ ಹೋಗಿ, ಸಾಲೆಯಲ್ಲೋ ಚಾವಡಿಯಲ್ಲೋ ಟೇಬಲ್ಲು ಹಾಕಿ, ಕಣ್ಣಿನ ಪೊರೆ ತೆಗೆಯುವುದು ಕೆಲಸ.

ಸಾಮಾನು ಅರ್ಧ ತಾಸು ಕುದಿಯಬೇಕು ಎಂಬುದು ನಿಯಮ. ನೀರು ಮರಳಲು ಸುರುವಾದ ಮೇಲೆ ಅರ್ಧ ತಾಸು. ಅದಕ್ಕಿಂತ ಕಡಿಮೆ ಆಗಬಾರದು. ಚೂರಿ ಮಾತ್ರ ಕುದಿಸುವುದಿಲ್ಲ, ಬಾಯಿ ಮೊಂಡಾಗುತ್ತದೆ, ಅದು ಸ್ಪಿರಿಟ್ಟಿನಲ್ಲಿ ಬಿದ್ದಿರುತ್ತದೆ. ಅರ್ಧ ತಾಸನ್ನು ಸಿಸ್ಟರು ಅಲಾರಂ ಗಡಿಯಾರದಲ್ಲಿ ನೋಡುತ್ತಿದ್ದಳು. ನನಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಕೇಳಿ ಕಲಿಯಬಹುದಿತ್ತು. ನಾಚಿಕೆ. ನನ್ನ ಲೆಕ್ಕ ಬೇರೆ ಇತ್ತು. ಸಾಮಾನಿನ ನೀರು ಮರಳಿದ ಗಳಿಗೆಗೆ ಪಕ್ಕದ ಸ್ಟೋವಿನ ಮರಳುವ ನೀರಿಗೆ ಒಂದು ಹಿಡಿ ಹೆಸರುಬೇಳೆ ಹಾಕುತ್ತಿದ್ದೆ. ಕಾಳು ತೆಗೆದು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು, ನಡುವೆ ಗಟ್ಟಿ ಉಳಿಯಬಾರದು. ಆಗ ಸಾಮಾನು ಇಳಿಸುವುದು. ಹಾಗೆ ಇಳಿಸಲು ಕೈ ಹಾಕುವುದಕ್ಕೂ ಸಿಸ್ಟರ ಅಲಾರಂ ಹೊಡೆಯುವುದಕ್ಕೂ ಸರಿ ಹೋಗುತ್ತಿತ್ತು.

"ನಿನ್ನ ಬ್ಯಾಳಿನ ನನ್ನ ಗಡಿಯಾರಕ್ಕ ಕೀಲಿ ಕೊಡತೈತಿ ನೋಡಬೇ" ಎಂದು ಸಿಸ್ಟರು ನಗುತ್ತಿದ್ದಳು. ನನಗೆ ಜಂಬ ಬರುತ್ತಿತ್ತು. ನೀರು ಯಾವಾಗಲೂ ಡ್ರಮ್ಮಿನದೇ. ಡ್ರಮ್ಮನ್ನು ಜಮಖಂಡಿಯಲ್ಲಿ ನಾವು ಇಳಿದಿದ್ದ ಕಡೆಯ, ನಾಲಿಗೆಗೆ ಉಪ್ಪು ಹತ್ತುವ ಸವಳು ನೀರಿನ ಭಾವಿಯಿಂದ ತುಂಬಿಸಿಕೊಳ್ಳುತ್ತಿದ್ದೆವು. ನೀರಿಗೂ ನನ್ನ ಲೆಕ್ಕಕ್ಕೂ ಏನಾದರೂ ಸಂಬಂಧ ಇದೆ ಎಂದು ನನಗೆ ಹೊಳೆದಿರಲಿಲ್ಲ.

ರಬಕವಿ ಬನಹಟ್ಟಿಯ ಕೆಲಸ ಛಲೋ ಆಗಿತ್ತು. ಅಲ್ಲಿ ನೇಕಾರರ ಕಣ್ಣುಗಳೇ ಹೆಚ್ಚು. ಮುಂದೆ ಬೀಳಗಿಯಲ್ಲಿ ದೊಡ್ಡ ಶಿಬಿರ. ಅದಕ್ಕೆ ಮೊದಲು ತುಬಚಿಯ ಕಡೆ ಹೊಳೆದಂಡೆಯ ಊರುಗಳಲ್ಲಿ ರೋಗಿಗಳನ್ನು ನೋಡಿ, ಬೇಕಾದವರನ್ನು ಬೀಳಗಿಗೆ ಬರಹೇಳಬೇಕಿತ್ತು. ನೋಡುವುದಷ್ಟೇ, ಕೊಯ್ಯುವುದಲ್ಲ.

ಜೋಳ ತೆನೆ ಬಿಡುವ ಹೊತ್ತಿಗೆ ಅಡ್ಡಮಳೆ ಹೊಡೆಯಿತು. ಆ ಸೀಮೆಯ ಎರೆ ಮಣ್ಣು ಒಣಗಿದರೆ ಕಲ್ಲು, ನೆಂದರೆ ಬೆಣ್ಣೆ. ಮೊದಲು ಒಂದು ಟಾಯರು ಪಂಕ್ಚರ್ ಆಯಿತು. ಅದನ್ನು ಬದಲಿಸಿ ಅರ್ಧ ಮೈಲು ಹೋಗಿಲ್ಲ, ಬಸ್ಸಿನ ಹಿಂಭಾಗ ಜಾರಿತು.

"ಹಿಡಕೋರೀ!" ಎಂದು ಡ್ರೈವರು ಕೂಗಿದ. ಹಿಡಿದುಕೊಳ್ಳಲು ಏನಿತ್ತು? ಬಸ್ಸು ಹಳ್ಳದ ಕಡೆ ವಾಲಿ ನಿಂತಿತು. ತುಂಬಿದ ಡ್ರಮ್ಮು ಕಳಚಿ ಉರುಳಿ ಸಿಸ್ಟರ ಕೈ ಮೇಲೆ ಬಿತ್ತು. ಎಲುಬು ಮುರಿದದ್ದು ನನಗೆ ಕೇಳಿಸಿತು, ಒಣ ತೊಗರಿಕಟ್ಟಿಗೆ ಮುರಿದ ಹಾಗೆ. ಡ್ರಮ್ಮಿನ ನೀರೆಲ್ಲ ಚೆಲ್ಲಿತು. ಅಲಾರಂ ಗಡಿಯಾರದ ಗಾಜು, ಮುಳ್ಳು, ಹೊಟ್ಟೆಯೊಳಗಿನ ಚಕ್ರಗಳು ಹಿಟ್ಟಿನ ಜೊತೆ ಕಲಸಿ ಬಿದ್ದಿದ್ದವು. ಡಾಕ್ಟರು ಸಿಸ್ಟರ ಕೈಗೆ ಪಟ್ಟಿ ಕಟ್ಟಿದರು. ಒಂದು ಚಕ್ಕಡಿ ಹಿಡಿದು ಆಕೆಯನ್ನು ಡಾಂಬರು ರಸ್ತೆಯ ತನಕ ಮುಟ್ಟಿಸಿ, ಅಲ್ಲಿಂದ ಜಮಖಂಡಿಗೆ ಕಳಿಸಿದೆವು.

ಸುದ್ದಿ ಹೋಗಿ ಹೊಳೆದಂಡೆಯ ಊರಿನವರು ಎತ್ತು ಹೊಡೆದುಕೊಂಡು ಬಂದರು. ಆರು ಜೋಡಿ ಎತ್ತು, ದಪ್ಪ ಹಗ್ಗ. ಮಧ್ಯಾಹ್ನದ ತನಕ ಎಳೆದವು. ಒಂದು ಎತ್ತು ಮೊಣಕಾಲೂರಿ ಬಿತ್ತು, ಅದನ್ನು ಬಿಚ್ಚಿ ಬೇರೆ ಕಟ್ಟಿದರು. ಬಸ್ಸು ಮೇಲೆ ಬಂತು, ಆದರೆ ಹಿಂದಿನ ಗಾಲಿಯ ಸ್ಪ್ರಿಂಗ್ ಪಟ್ಟಿ ಮುರಿದಿತ್ತು. ತೆವಳುತ್ತ ಅವರ ಊರ ತನಕ ಹೋಗಿ ನಿಂತಿತು. ಪಟ್ಟಿ ತರಲು ಡ್ರೈವರು ಜಮಖಂಡಿಗೆ ಹೋದ.

ಡಾಕ್ಟರು ಎತ್ತಿನವರಿಗೆ ರೊಕ್ಕ ಕೊಡಲು ಹೋದರು. ರುಮಾಲಿನ ಮುದುಕನೊಬ್ಬ, ಅವನೇ ಅಲ್ಲಿ ಹಿರಿಯ, ಕೈ ಹಿಂದೆ ಕಟ್ಟಿಕೊಂಡ.

"ರೊಕ್ಕ ಯಾರ ಕೇಳ್ಯಾರ್ರೀ? ನಮ್ಮ ಎತ್ತು ರೊಕ್ಕಾ ತಿಂತಾವೇನು? ಊರಾಗ ಕಣ್ಣ ಕಾಣದವರದಾರ. ಅವರಿಗೊಂದೀಟ ಕಣ್ಣ ಕೊಟ್ಟ ಹೋಗ್ರಿ."

"ಇಲ್ಲಿ ಆಪರೇಷನ್ ಮಾಡೂ ಹಂಗಿಲ್ಲ ಯಜಮಾನ್ರ. ಸಿಸ್ಟರ್ ಇಲ್ಲ. ಎಲ್ಲಾರ್ನೂ ಬೀಳಗಿಗೆ ಕರಕೊಂಡ ಬರ್ರಿ."

"ನಮ್ಮ ಎತ್ತು ಇಲ್ಲಂದ್ರ ನಿಮ್ಮ ಬಸ್ಸ ತಾನ ನಡಕೋಂತ ಬೀಳಗಿಗಿ ಹೋಗತಿತ್ತೇನ್ರಿ?"

ಸುತ್ತ ನಿಂತವರು ನಕ್ಕರು. ಡಾಕ್ಟರು ನಗಲಿಲ್ಲ. ಅವರು ಧಾರವಾಡ ಕಡೆಯವರು, ಋಣ ಇಟ್ಟುಕೊಳ್ಳುವ ಜಾತಿಯಲ್ಲ. ಬಸ್ಸಿಗೆ ಬಂದು ನನ್ನನ್ನು ಕೇಳಿದರು: "ಸಾಮಾನ ನೀ ಒಬ್ಬಾಕಿ ಕುದಸ್ತೀಯೇನು?"

"ದಿನಾ ಕುದಸಾಕಿ ನಾನ ಅಲ್ಲೇನ್ರಿ?" ಎಂದೆ.

ಗಡಿಯಾರ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಬರುವುದಿಲ್ಲ ಎಂದು ನಾನು ಹೇಳಲಿಲ್ಲ.

ಮರುದಿನ ಸಾಲೆಯ ಕೋಣೆ ತೊಳೆದು ಸುಣ್ಣದ ನೀರು ಚಿಮುಕಿಸಿದೆ. ಡಾಕ್ಟರು ಹತ್ತಾರು ಮಂದಿಯನ್ನು ನೋಡಿ ಆರು ಮಂದಿಯನ್ನು ಆರಿಸಿದರು. ಆರನೆಯವಳು ಕೌದಿ ಹೊಲಿಯುವ ಹೆಂಗಸು, ನನ್ನ ವಾರಿಗೆಯವಳು. ಸುತ್ತಿನ ಊರವರೆಲ್ಲ ಹಳೆಯ ಸೀರೆ ಕೊಟ್ಟು ಅವಳ ಕೈಯಲ್ಲೇ ಕೌದಿ ಹೊಲಿಸುತ್ತಿದ್ದರಂತೆ. ಅವಳಿಗೆ ಇದ್ದದ್ದೇ ಒಂದು ಕಣ್ಣು. ಇನ್ನೊಂದು ಸಣ್ಣವಳಿದ್ದಾಗ ಮೈಮೇಲೆ ದೇವಿ, ಸಿಡುಬು, ಎದ್ದು ಹೋಗಿತ್ತು. ಇದ್ದ ಕಣ್ಣಿಗೂ ಪೊರೆ ಬಂದು ಬೆಳಕು ಮಾತ್ರ ಕಾಣುತ್ತಿತ್ತು.

ಡಾಕ್ಟರು ತಲೆ ಆಡಿಸಿದರು. "ಒಂದ ಕಣ್ಣಿದ್ದವರಿಗೆ ದವಾಖಾನಿಯೊಳಗ ಮಾಡಬೇಕಬೇ. ಹೊರಗ ಮಾಡಬಾರದು."

"ದವಾಖಾನಿ ಗಾಲಿ ಹಚಗೊಂಡು ನಮ್ಮೂರಿಗೆ ಬಂದೈತಲ್ಲರೀ" ಎಂದಳು. "ಹೊಲಿಯೂದು ಕೈಗೆ ಗೊತ್ತೈತ್ರಿ, ಕಣ್ಣ ಬೇಕಾಗಿಲ್ಲ. ಸೂಜಿಗೆ ದಾರ ಪೋಣಸಾಕ ಕಣ್ಣ ಬೇಕು. ಒಂದ ದಾರ ಮುಗದ ಕೂಡ್ಲೆ ಸೊಸಿ ಮುಂದ ಸೂಜಿ ಹಿಡದ ನಿಂದರಬೇಕು. 'ಇರಬೇ, ರೊಟ್ಟಿ ಬಡಿಯಾಕತ್ತೇನಿ' ಅಂತಾಳ. ನಾ ಏನು ಭಿಕ್ಷಾ ಬೇಡಾಕಿ ಏನ್ರಿ?"

ಡಾಕ್ಟರು ಅವಳ ರೆಪ್ಪೆ ಎತ್ತಿ ಇನ್ನೊಮ್ಮೆ ನೋಡಿ, ಆಯ್ತು ಎಂದರು.

ಡ್ರಮ್ಮು ತುಂಬಲು ಊರವರೇ ನೀರು ತಂದು ಹಾಕಿದ್ದರು. ಕೃಷ್ಣಾ ಹೊಳೆಯ ನೀರು, ಸೋಸಿದ್ದು, ತಿಳಿಯಾಗಿತ್ತು. ಮೂರು ಮಂದಿಗೆ ಆಗುವಷ್ಟು ಸಾಮಾನು ನಮ್ಮಲ್ಲಿತ್ತು, ಆದ್ದರಿಂದ ಎರಡು ಸಲ ಕುದಿಸಬೇಕು. ಉದ್ದನೆಯ ಡಬ್ಬಿಯಲ್ಲಿ ಸಾಮಾನು ಮುಳುಗುವಷ್ಟು ನೀರು ಹಾಕಿ ಸ್ಟೋವಿಗೆ ಪಂಪು ಹೊಡೆದೆ. ನೀರು ಮರಳಿತು. ಪಕ್ಕದ ಪಾತ್ರೆಗೆ ಬೇಳೆ ಹಾಕಿದೆ. ಕಾಳು ಹಿಟ್ಟಾಯಿತು. ಡಬ್ಬಿ ಇಳಿಸಿ, ಮುಚ್ಚಳ ತೆರೆಯದೆ ಒಯ್ದೆ.

ಡಾಕ್ಟರು ಕೈ ತೊಳೆಯುತ್ತಿದ್ದರು. ಗಡಿಯಾರ ಬಿಚ್ಚಿ ಕಿಸೆಯಲ್ಲಿಟ್ಟಿದ್ದರು. "ಇಷ್ಟ ಲಗೂ ಆತೇನು?"

"ಆತ್ರಿ ಸಾಹೇಬ್ರ."

"ಅರ್ಧ ತಾಸು?"

"ಹೂಂನ್ರಿ. ಪೂರಾ."

ನಾನು ಸುಳ್ಳು ಹೇಳಲಿಲ್ಲ. ನನ್ನ ಬೇಳೆ ಬೆಂದಿತ್ತು. ಎರಡನೇ ಸಲವೂ ಅದೇ ರೀತಿ ಕುದಿಸಿದೆ. ಸಂಜೆಯ ಬಿಸಿಲು ಇಳಿಯುವ ಮೊದಲೇ ಆರೂ ಮಂದಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸಾಲೆಯ ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದರು. ತಲೆ ಅಲುಗಾಡಬಾರದೆಂದು ಎರಡೂ ಬದಿಗೆ ಮರಳಿನ ಚೀಲ.

ನಾನು ಅವರಿಗೆ ಬೇಳೆಯ ತಿಳಿ ಕುಡಿಸುತ್ತ ಬಂದೆ. ಕೌದಿಯವಳು ಒಂದು ಗುಟುಕು ಕುಡಿದು ತುಟಿ ಚಪ್ಪರಿಸಿದಳು.

"ಎಷ್ಟ ಹಣ್ಣಾಗಿ ಬೆಂದೈತಿ ನೋಡು. ನಮ್ಮ ಹೊಳಿ ನೀರು ಅಂದ್ರ ಹಂಗ ತಂಗಿ. ನಾ ಸವಳ ನೀರಿನ ಊರಾಗ ಹುಟ್ಟಿದಾಕಿ. ಅಲ್ಲಿ ಬ್ಯಾಳಿ ಇಟ್ಟು ಹೊಲಕ್ಕ ಹೋಗಿ ಬಂದ್ರೂ ಕಾಳ ಕಾಳನ. ಇಲ್ಲಿ ಇಟ್ಟು ಹಿಂದ ತಿರಗೂದ್ರಾಗ ಗಂಜಿ. ಲಗ್ನ ಆಗಿ ಬಂದಾಗ ಅತ್ತಿ ಕಡೆ ಬೈಸಿಕೊಂಡೇನಿ, ದಿನಾ ಬ್ಯಾಳಿ ತಳಾ ಹತ್ತಸ್ತಿದ್ದೆ."

ನನ್ನ ಕೈಯಲ್ಲಿದ್ದ ಬಟ್ಟಲು ನಿಂತಿತು.

"ಯಾಕ, ಮುಗೀತೇನು?" ಎಂದು ಬಾಯಿ ತೆರೆದು ಕಾಯ್ದಳು. ಉಳಿದದ್ದನ್ನು ಕುಡಿಸಿದೆ.

ನನಗೆ ಆಗಲೇ ತಿಳಿಯಿತು. ಇಲ್ಲಿ ಒಂದು ಮಾತು ನೇರವಾಗಿ ಬರೆಯಬೇಕು. ಅನುಮಾನ ಅಷ್ಟೇ ಇತ್ತು, ಖಾತ್ರಿ ಇರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಖರೆ ಅಲ್ಲ. ಬಟ್ಟಲು ಕೈಯಲ್ಲಿದ್ದಾಗಲೇ ತಿಳಿದಿತ್ತು. ಆ ಸಂಜೆ ಹೇಳಲಿಲ್ಲ. ಕೆಲಸ ಹೋದರೆ ನನಗೆ ಬೇರೆ ಮನೆ ಇರಲಿಲ್ಲ, ಬಸ್ಸೇ ಮನೆ. ಯಾರಿಗೂ ಏನೂ ಆಗಲಿಕ್ಕಿಲ್ಲ, ಕುದ್ದಿದೆಯಲ್ಲ, ಕಡಿಮೆ ಕುದ್ದಿದೆ ಅಷ್ಟೆ, ಎಂದುಕೊಂಡು ಪಾತ್ರೆ ತಿಕ್ಕಿದೆ.

ಮರುದಿನ ಬೆಳಿಗ್ಗೆ ಡ್ರೈವರು ಸ್ಪ್ರಿಂಗ್ ಪಟ್ಟಿ ತಂದು ಗಾಲಿಗೆ ಕೂಡಿಸಿದ. ಡಾಕ್ಟರು ರೋಗಿಗಳ ಕಣ್ಣಿನ ಪಟ್ಟಿ ಬಿಚ್ಚಲಿಲ್ಲ. ಆಗೆಲ್ಲ ಮರುದಿನವೇ ಬಿಚ್ಚುವ ರೂಢಿ ನಮ್ಮಲ್ಲಿರಲಿಲ್ಲ. ಸಾಲೆಯ ಸಿಪಾಯಿಗೆ ರೋಗಿಗಳನ್ನು ಒಪ್ಪಿಸಿ, ಮೂರು ದಿನ ಬಿಟ್ಟು ಬರುತ್ತೇವೆ, ಅಲುಗಾಡದೆ ಮಲಗಿರಲಿ ಎಂದರು. ಬೀಳಗಿಯಲ್ಲಿ ಮಂದಿ ಕಾಯುತ್ತಿದ್ದರು. ಔಷಧ ಕೊಳ್ಳಲು ಮುಧೋಳಕ್ಕೆ ಹೋಗಿ, ಲೋಕಾಪುರದ ಮೇಲೆ ಬೀಳಗಿಗೆ ಹೋಗುವುದು ಎಂದಾಯಿತು.

ದಾರಿಯುದ್ದಕ್ಕೂ ನಾನು ಹಿಂದೆ ಮುಖ ಮಾಡಿ ಕೂತೆ. ಲೋಕಾಪುರದಲ್ಲಿ ಬಸ್ಸಿನ ಇಂಜಿನ್ ಕಾಯ್ದು ಹೊಗೆ ಬಿಟ್ಟಿತು. ಡ್ರೈವರು ಬಾನೆಟ್ಟು ಎತ್ತಿ, "ಆರೂತನಕಾ ಕುಂದರಬೇಕು. ಅಕ್ಕಾ, ಊಟಕ್ಕರ ಇಡು" ಎಂದ.

ಹೋಟೆಲಿನಿಂದ ಒಂದು ಕೊಡ ಭಾವಿ ನೀರು ತಂದೆ, ಅದೂ ಸವಳೇ. ಎರಡು ಸ್ಟೋವ್ ಹಚ್ಚಿದೆ. ಒಂದರ ಮೇಲೆ ಭಾವಿ ನೀರು, ಇನ್ನೊಂದರ ಮೇಲೆ ಡ್ರಮ್ಮಿನ ಹೊಳೆ ನೀರು. ಎರಡೂ ಮರಳಿದ ಮೇಲೆ ಎರಡಕ್ಕೂ ಒಂದೇ ಚೀಲದ ಬೇಳೆ ಒಂದೊಂದು ಹಿಡಿ ಹಾಕಿದೆ. ಆಮೇಲೆ ಡಾಕ್ಟರನ್ನು ಕರೆದೆ.

"ಸಾಹೇಬ್ರ, ನಿಮ್ಮ ಗಡಿಯಾರ ನೋಡ್ರಿ."

"ಯಾಕ?"

"ನೋಡಿ ಇಟ್ಕೋರಿ."

ಹೊಳೆ ನೀರಿನ ಕಾಳು ಬೆರಳಲ್ಲಿ ಹಿಟ್ಟಾದಾಗ ಅವರ ಮುಂದೆ ಹಿಡಿದೆ. "ಈಗ ಎಷ್ಟಾತ್ರಿ?"

"ಹದಿನಾಲ್ಕ ಮಿನಿಟ."

ಭಾವಿ ನೀರಿನ ಕಾಳು ಕಲ್ಲಿನ ಹಾಗಿತ್ತು. ಅದನ್ನೂ ಅವರ ಅಂಗೈಗೆ ಹಾಕಿದೆ. "ನನಗ ಗಡಿಯಾರ ಬರೂದಿಲ್ರಿ. ನಾ ಸಾಮಾನ ಕುದಿಸೂದು ಬ್ಯಾಳಿ ನೋಡಿ. ದಿನಾ ಇಂಥಾ ಸವಳ ನೀರಾಗ. ಆ ಊರಾಗ ಹೊಳಿ ನೀರಾಗ."

ಅವರು ಅಂಗೈಯ ಕಾಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

"ಎರಡೂ ಸಲಾ?"

"ಎರಡೂ ಸಲಾ."

"ಯಾವಾಗ ಗೊತ್ತಾತು?"

"ನಿನ್ನೆ ಸಂಜಿಕೆ."

ಡಾಕ್ಟರು ಕೆಳಗಿಳಿದು ಡ್ರೈವರಿಗೆ ಹೇಳಿದರು: "ಬಸ್ಸ ಹಿಂದಕ ಹೊಳ್ಳಿಸು."

"ಬೀಳಗಿಯಾಗ ಮಂದಿ ಜಾತ್ರಿ ಕೂಡಿದಾಂಗ ಕೂಡ್ಯಾರ್ರಿ! ಸಾಹೇಬರ ಮ್ಯಾಲ ಸಾಹೇಬರು ಬಂದಾರ. ನಾಳೆ ನನ್ನ ಚರ್ಮಾ ಸುಲೀತಾರ."

"ನಂದ ಸುಲೀಲಿ. ಹೊಳ್ಳಿಸೋ."

ಬೀಳಗಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರು. ರೇಡಿಯೇಟರು ಇನ್ನೂ ಬಿಸಿ ಇತ್ತು. ಕೊಡಗಟ್ಟಲೆ ನೀರು ಸುರಿಯುತ್ತ, ನಿಲ್ಲಿಸುತ್ತ, ಮುಧೋಳಕ್ಕೆ ಬಂದು ಸಿಕ್ಕಷ್ಟು ಪೆನ್ಸಿಲಿನ್ ಕೊಂಡೆವು. ಹೊಳೆಕಡೆಯ ದಾರಿಗೆ ಬಂದಾಗ ಬಿಸಿಲು ಓರೆಯಾಗಿತ್ತು. ಬೆಳಿಗ್ಗೆ ಹೇಗೋ ದಾಟಿಸಿದ್ದ ಕೆಸರನ್ನು ನೋಡಿ ಡ್ರೈವರು ಬಸ್ಸು ನಿಲ್ಲಿಸಿದ. ಮತ್ತೆ ಇಳಿದರೆ ಎಳೆಯಲು ಎತ್ತುಗಳೂ ಬರಲಿಕ್ಕಿಲ್ಲ ಎಂದ. ಔಷಧದ ಪೆಟ್ಟಿಗೆ ನಾನು ತಲೆ ಮೇಲೆ ಹೊತ್ತೆ. ಡಾಕ್ಟರು ಬೂಟು ಕೈಯಲ್ಲಿ ಹಿಡಿದರು. ಎರಡು ಮೈಲು ನಡೆದೆವು.

ಪಟ್ಟಿ ಬಿಚ್ಚಿದಾಗ ನಾಲ್ಕು ಮಂದಿಯ ಕಣ್ಣು ಸ್ವಚ್ಛ ಇದ್ದವು. ಐದನೆಯವನದು ಕೆಂಪಾಗಿತ್ತು. ಕೌದಿಯವಳ ಪಟ್ಟಿ ಅಂಟಿಕೊಂಡಿತ್ತು. ನೀರು ಹಾಕಿ ಬಿಡಿಸಿದಾಗ ಕೀವು ಬಂತು. ರೆಪ್ಪೆ ಬಾತು ಮುಚ್ಚಿಹೋಗಿತ್ತು.

"ಯಾವಾಗಿಂದ ಬ್ಯಾನಿ?" ಎಂದು ಡಾಕ್ಟರು ಕೇಳಿದರು.

"ಮುಂಜಾನಿಂದ್ರಿ. ಯಾರೋ ಒಳಗ ಕೆಂಡಾ ಇಟ್ಟಾಂಗ. ಸಿಪಾಯಿಗೆ ಹೇಳಿದ್ನಿ. ಕೊಯ್ದ ಮ್ಯಾಲ ನೋಯೂದಾ, ಅಲುಗಾಡಬ್ಯಾಡ ಅಂದಾ. ನೀವೂ ಅಲುಗಾಡಬ್ಯಾಡ ಅಂದಿದ್ರೆಲ್ಲ. ಅಲುಗಾಡಿಲ್ರಿ."

ಖರೆ. ಮರಳಿನ ಚೀಲಗಳು ಇಟ್ಟಲ್ಲೇ ಇದ್ದವು.

ನಾಲ್ಕು ದಿನ ಅಲ್ಲೇ ಉಳಿದೆವು. ಡಾಕ್ಟರು ಹೊತ್ತುಹೊತ್ತಿಗೆ ಸೂಜಿ ಚುಚ್ಚಿದರು, ಕಣ್ಣೊಳಗೂ ಚುಚ್ಚಿದರು. ಅವಳು ಹಲ್ಲು ಕಚ್ಚಿ ಸುಮ್ಮನೆ ಮಲಗಿರುತ್ತಿದ್ದಳು. ಸಾಮಾನು ನಾನೇ ಕುದಿಸಿದೆ, ಡಾಕ್ಟರು ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ನಿಂತಲ್ಲೇ ದೊಡ್ಡ ಮುಳ್ಳು, ಸಣ್ಣ ಮುಳ್ಳು ಹೇಳಿಕೊಟ್ಟರು. ಅರ್ಧ ದಿನದಲ್ಲಿ ಬಂತು. ಕಲಿಯಲು ಅಷ್ಟೇ ಬೇಕಿತ್ತು.

ಕೆಂಪಾದ ಕಣ್ಣು ಉಳಿಯಿತು. ಕೌದಿಯವಳದು ಹೋಯಿತು. ಮೊದಲು ಕಾಣುತ್ತಿದ್ದ ಬೆಳಕೂ ಹೋಯಿತು.

"ಧೂಳಿನಿಂದ ಆಗಿರಬಹುದು, ನೊಣದಿಂದ ಆಗಿರಬಹುದು. ಇದರಿಂದನ ಆತು ಅಂತ ಯಾರೂ ಹೇಳಾಕಾಗೂದಿಲ್ಲ" ಎಂದು ಡಾಕ್ಟರು ನನಗೆ ಹೇಳಿದರು. "ಕುದಿಸಿದಾಕಿ ನೀನು. ಗಡಿಯಾರ ಕಿಸೆದಾಗ ಇಟ್ಕೊಂಡಾಂವ ನಾನು. ಒಂದ ಕಣ್ಣಿನಾಕಿನ್ನ ಟೇಬಲ್ ಮ್ಯಾಲ ಮಲಗಿಸಿದಾಂವನೂ ನಾನು." ಆಸ್ಪತ್ರೆಗೆ ಕಳಿಸಿದ ಕಾಗದದಲ್ಲಿಯೂ ಹಾಗೇ ಬರೆದರೆಂದು ಆಮೇಲೆ ಸಿಸ್ಟರು ಹೇಳಿದಳು. ಅವರು ಮತ್ತೆ ಆ ಬಸ್ಸಿಗೆ ಬರಲಿಲ್ಲ. ನನ್ನನ್ನು ಯಾರೂ ತೆಗೆಯಲಿಲ್ಲ.

ಹೊರಡುವ ದಿನ ಅವಳ ಮನೆಗೆ ಹೋದೆ. ಹೋಗಬೇಡ ಎಂದು ಡ್ರೈವರು ಹೇಳಿದ್ದ. "ಹೇಳಿದ್ರ ಆಕಿಗೆ ಕಣ್ಣ ಬರತಾವೇನಕ್ಕಾ? ನಿನ್ನ ಹೊಟ್ಟಿ ಹಗರಾಕ್ಕೈತಿ ಅಷ್ಟ." ಅವನ ಮಾತು ಸುಳ್ಳಲ್ಲ. ಆದರೂ ಹೋದೆ.

ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ಎಲ್ಲವನ್ನೂ ಹೇಳಿದೆ. ಬೇಳೆ, ನೀರು, ಗಡಿಯಾರ. ಅವಳು ಮುಖ ನನ್ನ ಕಡೆ ತಿರುಗಿಸಲಿಲ್ಲ.

"ನಾ ಹೊಳಿ ನೀರಿನ ಮಾತ ಹೇಳಿದ್ನೆಲ್ಲ, ಆಗ ನಿನಗ ತಿಳೀತು?"

"ತಿಳೀತು."

"ನನ್ನ ಬಾಯಿಗೆ ಬಟ್ಟಲಾ ಹಿಡದಿದ್ದಿ."

"ಹೂಂ."

"ಯಾಕ ಸುಮ್ಮನಾದಿ?"

"ಅಂಜಿಕಿ ಬಂತು."

"ಅಂಜಿಕಿ ನನಗೂ ಇತ್ತಬೇ. ಆದ್ರೂ ನಿಮ್ಮ ಕೈಯಾಗ ತಲಿ ಕೊಟ್ಟ ಮಲಗಿದ್ನಿ."

ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅವಳು ಕೈ ಚಾಚಿ ಗೂಡಿನಲ್ಲಿ ತಡಕಾಡಿ ಒಂದು ತಗಡಿನ ಡಬ್ಬಿ ತೆಗೆದು ನನ್ನ ಕಡೆ ನೂಕಿದಳು. ಸೂಜಿಗಳು. ಜೊತೆಗೆ ಒಂದು ದಾರದ ಉಂಡೆ.

"ಅದರಾಗ ಇದ್ದಷ್ಟೂ ಪೋಣಸು. ಮಾರುದ್ದ ದಾರ ಹಾಕು, ಗಿಡ್ಡ ಹಾಕಬ್ಯಾಡ. ಪೋಣಿಸಿ ಕೌದಿ ಅಂಚಿಗೆ ಚುಚ್ಚಿ ಇಡು. ಆಮ್ಯಾಲ ಎದ್ದ ಹೋಗು. ನಿನ್ನ ದನಿ ನನಗ ಮತ್ತ ಕೇಳಬಾರದು."

ಬಾಗಿಲ ಬೆಳಕಿಗೆ ಕೂತು ಪೋಣಿಸಿದೆ. ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಹದಿಮೂರು ಸೂಜಿ ಇದ್ದವು. ಎರಡೂ ಕೈ ಚಾಚಿ ಮಾರು ಅಳೆದು ದಾರ ಕತ್ತರಿಸಿ, ತುದಿಗೆ ಗಂಟು ಹಾಕಿ, ಕೌದಿಯ ಅಂಚಿಗೆ ಸಾಲಾಗಿ ಚುಚ್ಚಿದೆ. ಅವಳು ಬೆರಳಾಡಿಸಿ ಒಂದೊಂದನ್ನೂ ಮುಟ್ಟಿ ಎಣಿಸಿದಳು. ಮೊದಲ ಸೂಜಿಯನ್ನು ಕಿತ್ತು ಹೊಲಿಯಲು ಸುರು ಮಾಡಿದಳು.

ನಾನು ಎದ್ದು ಬಂದೆ. ಹದಿಮೂರು ಸೂಜಿಯ ದಾರ ಎಷ್ಟು ದಿನ ಬರುತ್ತದೆ ಎಂದು ಕೇಳಲಿಲ್ಲ.